ಒಳಗಿನ ಕ್ಯಾಮೆರಾದ ಸಾಲು

ಸಾಹುಕಾರರ ಮಗಳ ಮದುವೆಯಲ್ಲಿ ಟೀವಿ ಇಡಬೇಕು ಎಂದು ಹೇಳಿದವನು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಊರಲ್ಲಿ ಕಥೆ ಉಲ್ಟಾ ಆಯಿತು. ನಾನೇ ಹೋಗಿ ಅವರ ತಲೆ ತುಂಬಿದೆ, ಆ ಮನೆಯ ಒಳಗೆ ಹೊಗಲಿಕ್ಕೆ ಒಂದು ನೆವ ಬೇಕಾಗಿತ್ತು ಎಂದು ಮಂದಿ ಆಡಿಕೊಂಡರು. ಆಡುವವರ ಬಾಯಿಗೆ ಬೀಗ ಹಾಕಲಿಕ್ಕೆ ಯಾರಿಂದ ಆಗಿದೆ? ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ಎಂಬತ್ತರ ದಶಕದ ಒಂದು ಬೇಸಿಗೆ ಅದು. ನಾನು ಹುಬ್ಬಳ್ಳಿಯ ಒಂದು ರೇಡಿಯೊ-ಟೀವಿ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನಮ್ಮೂರು ನವಲಗುಂದ ತಾಲೂಕಿನಲ್ಲಿ, ಮೊರಬದಿಂದ ಆಚೆ, ಹೆಸರು ಬೇಡ. ಒಂದು ದಿನ ಊರ ಸಾಹುಕಾರರು ತಾವೇ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ನಮ್ಮ ಅವ್ವ ಅವರ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ನಾನು ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಹಾಗೇ ಹಿಡಿದುಕೊಂಡು ಎದ್ದು ನಿಂತೆ.

"ಕುಂದರ್ ತಮ್ಮಾ, ಕುಂದರ್. ನೀ ನಮ್ಮೂರವ ಅಂತ ನಿನ್ನ ಕಡೆ ಬಂದೀನಿ," ಎಂದರು. "ಬೀಗರು ಬೆಳಗಾಂವಿ ಕಡೆಯವರು, ಅಗದಿ ದೊಡ್ಡ ಮಂದಿ. ಅವರ ಮನಿ ಮದುವ್ಯಾಗ ಹಂದರದಾಗ ಟೀವಿ ಇಟ್ಟಿದ್ರಂತ. ನಮ್ಮಲ್ಲೆ ಅದಕ್ಕಿಂತ ಒಂದ್ ಕೈ ಮ್ಯಾಲೆ ಆಗಬೇಕು."

ಅವರಿಗೆ ಮೂರು ಟೀವಿ ಬೇಕಾಗಿದ್ದವು. ಹಂದರದಲ್ಲಿ ಕುಳಿತವರಿಗೆ ಒಂದು. ಮಹಡಿಯ ಕೋಣೆಯಲ್ಲಿ ಬೀಗರ ಹಿರಿಯರಿಗೆ, ದೊಡ್ಡವರಿಗೆ ಒಂದು. ಇನ್ನೊಂದು ಕಂಪೌಂಡಿನ ಹೊರಗೆ, ಬೇವಿನ ಗಿಡದ ಕೆಳಗೆ, "ಹೊರಗಿನ ಮಂದಿಗೆ". ಹೊರಗಿನ ಮಂದಿ ಎಂದರೆ ಯಾರೆಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಕೇರಿಯವರು.

ಹೊರಡುವಾಗ ಬಾಗಿಲಲ್ಲಿ ನಿಂತು, ಬಂದ ಅಸಲಿ ಮಾತು ಇದೇ ಎಂಬಂತೆ ಹೇಳಿದರು: "ತಾಲೂಕಿನಾಗ ನಮ್ಮ ಸಂಸ್ಥೆದ್ದು ಐಟಿಐ ಚಾಲೂ ಆಗತೈತಿ. ರೇಡಿಯೊ-ಟೀವಿ ಸೆಕ್ಷನ್ನಿಗೆ ನಿಂದೂ ಅರ್ಜಿ ಐತಲ್ಲ, ನೋಡೀನಿ. ಮದುವಿ ಮುಗದ ಸೋಮವಾರ ಕಮಿಟಿ ಕೂಡತೈತಿ. ನೀ ಕೆಲಸ ತೋರ್ಸು, ನಾ ಮಾತಾಡ್ತೀನಿ."

ಅದಕ್ಕೂ ಮೊದಲು ಮೂರು ಕಡೆ ಸಂದರ್ಶನಕ್ಕೆ ಹೋಗಿ ಬಂದಿದ್ದೆ. ಮೂರೂ ಕಡೆ "ತಿಳಿಸ್ತೀವಿ" ಅಂದರು, ಒಬ್ಬರೂ ತಿಳಿಸಲಿಲ್ಲ. ಆ ಇನ್‌ಸ್ಟ್ರಕ್ಟರ್ ನೌಕರಿ ಸಿಕ್ಕರೆ ಅವ್ವನ ಕೈಯಿಂದ ಹತ್ತಿ ಚೀಲ ಬಿಡಿಸಬಹುದು ಎಂಬ ಒಂದೇ ಲೆಕ್ಕ ನನ್ನ ತಲೆಯಲ್ಲಿತ್ತು. "ಆಗಲ್ರಿ," ಅಂದೆ.

ಕೆಲಸ ಕೇಳಲಿಕ್ಕೆ ಸಣ್ಣದು. ಮೂರು ಕಡೆಯಿಂದ ಚಿತ್ರ ಬರುತ್ತದೆ: ಮಂಟಪದ ಹತ್ತಿರ ಒಳಗಿನ ಕ್ಯಾಮೆರಾ, ಗೇಟಿನ ಮೇಲೆ ಕಟ್ಟಿದ ಹೊರಗಿನ ಕ್ಯಾಮೆರಾ, ನಡುನಡುವೆ ಸಿನಿಮಾ ಹಾಡು ಹಾಕಲಿಕ್ಕೆ ಒಂದು ವಿಸಿಆರ್. ನಾಲ್ಕು ಕಡೆಗೆ ಹೋಗಬೇಕು: ಮೂರು ಟೀವಿ, ಮತ್ತೆ ಮದುವೆಯನ್ನು ಕ್ಯಾಸೆಟ್ಟಿಗೆ ಇಳಿಸುವ ಇನ್ನೊಂದು ವಿಸಿಆರ್. ಯಾವ ಚಿತ್ರವನ್ನಾದರೂ ಯಾವ ಕಡೆಗಾದರೂ ಕಳಿಸುವ ಹಾಗಿರಬೇಕು. ಬೀಗರು ಗೇಟಿಗೆ ಬರುವುದನ್ನು ಮಹಡಿಯವರು ನೋಡುತ್ತಿರುವಾಗ ಹಂದರದವರಿಗೆ ಹಾಡು ನಡೆದಿರಬೇಕು.

ಸಾದಾ ತಿರುಗುವ ಗುಂಡಿ ಹಾಕಿದರೆ ಸಾಲದೆ ಎಂದು ನಮ್ಮ ಅಂಗಡಿಯ ಮಾಲೀಕರು ಕೇಳಿದರು. ಸಾಲುವುದಿಲ್ಲ. ವಿಡಿಯೊ ಸಂಕೇತ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಏರಿಳಿಯುವಂಥದ್ದು. ಅದನ್ನು ಡಬ್ಬಿಯ ಮುಖದ ಗುಂಡಿಯವರೆಗೆ ತಂತಿಯಲ್ಲಿ ಎಳೆದು ಮತ್ತೆ ಹಿಂದಕ್ಕೆ ತಂದರೆ ಒಂದರ ಚಿತ್ರ ಇನ್ನೊಂದಕ್ಕೆ ಸೋರುತ್ತದೆ. ಅದಕ್ಕೆ ಸ್ವಿಚ್ ಐಸಿ ಬೇಕು. ೪೦೬೬ ಎಂಬ ನಂಬರಿನದು, ಹದಿನಾಲ್ಕು ಕಾಲು, ಒಳಗೆ ನಾಲ್ಕು ಸ್ವಿಚ್ಚು. ಲೋಹಕ್ಕೆ ಲೋಹ ತಾಗುವ ಕೆಲಸವೇ ಇಲ್ಲ. ಒಂದು ಕಾಲಿಗೆ ವೋಲ್ಟೇಜ್ ಕೊಟ್ಟರೆ ದಾರಿ ತೆರೆಯುತ್ತದೆ, ತೆಗೆದರೆ ಮುಚ್ಚುತ್ತದೆ. ಚಿತ್ರ ಬೋರ್ಡಿನ ಮೇಲೇ ಇರುತ್ತದೆ, ಗುಂಡಿಯವರೆಗೆ ಬರುವುದು ಬರೀ ಹುಕುಂ.

ಐಸಿ ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ಮಾಲೀಕರ ಪರಿಚಯದವರೊಬ್ಬರ ಕೈಯಲ್ಲಿ ಬೊಂಬಾಯಿಯಿಂದ ಹನ್ನೊಂದು ತರಿಸಿದೆ. ಮೊದಲು ಒಂದು ದಾರಿಗೆ ಒಂದೇ ಸ್ವಿಚ್ಚು ಹಾಕಿ ನೋಡಿದೆ. ಚಿತ್ರ ಬಂತು, ಆದರೆ ಅದರ ಹಿಂದೆ ಹಾಡಿನ ವಿಸಿಆರಿನ ಸಿನಿಮಾ ನಾಯಕ ದೆವ್ವದ ಹಾಗೆ ಕುಣಿಯುತ್ತಿದ್ದ. ಮುಚ್ಚಿದ ಸ್ವಿಚ್ಚೂ ಅಷ್ಟಿಷ್ಟು ಸೋರುತ್ತದೆ. ನಾಲ್ಕು ದಿನ ತಲೆ ಕೆರೆದುಕೊಂಡೆ. ಕಡೆಗೆ ಪ್ರತಿ ದಾರಿಗೂ ಮೂರು ಸ್ವಿಚ್ಚು ಹಾಕಿದೆ: ಎರಡು ಸಾಲಿನಲ್ಲಿ, ಅವೆರಡರ ನಡುವಿನಿಂದ ಗ್ರೌಂಡಿಗೆ ಒಂದು. ದಾರಿ ಮುಚ್ಚಿದಾಗ ನಡುವಿನದು ತೆರೆದು, ಸೋರಿ ಬಂದದ್ದನ್ನೆಲ್ಲ ಗ್ರೌಂಡಿಗೆ ಇಳಿಸಿಬಿಡುತ್ತದೆ. ನಾಯಕ ಮಾಯವಾದ. ಹನ್ನೆರಡು ದಾರಿ, ಮೂವತ್ತಾರು ಸ್ವಿಚ್ಚು, ಒಂಬತ್ತು ಐಸಿ. ಎರಡು ಉಳಿದವು. ಕೆಟ್ಟರೆ ತಟ್ಟನೆ ಬದಲಿಸಲೆಂದು ಎಲ್ಲವನ್ನೂ ಸಾಕೆಟ್ಟಿನಲ್ಲಿ ಕೂರಿಸಿದೆ. ಆ ಡಬ್ಬಿ ಸಿದ್ಧವಾದ ದಿನ ನನಗಾದ ಖುಷಿ ಇಷ್ಟೆಂದು ಹೇಳಲಾರೆ.

ಮದುವೆಯ ಹಿಂದಿನ ದಿನ ಡಬ್ಬಿಯನ್ನು ಹಂದರದ ಮೂಲೆಯ ಟೇಬಲ್ಲಿನ ಮೇಲಿಟ್ಟೆ. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದೆಂದು ಡೀಸೆಲ್ ಜನರೇಟರಿನಿಂದ ಲೈನ್ ತೆಗೆದುಕೊಂಡೆ. ಟೀವಿಗಳಿಗೆ, ಗೇಟಿನ ಕ್ಯಾಮೆರಾಕ್ಕೆ ಕೇಬಲ್ ಎಳೆದೆ. ಒಳಗಿನ ಕ್ಯಾಮೆರಾದ ಕೇಬಲ್ ಹಿಡಿದು ತಲೆಬಾಗಿಲಿಗೆ ಬಂದು ನಿಂತೆ. ಅಲ್ಲಿಂದ ಮುಂದೆ ನಾನು ಹೋಗುವ ಹಾಗಿರಲಿಲ್ಲ. ಯಾರೂ ತಡೆಯಲಿಲ್ಲ, ತಡೆಯಬೇಕಾದ ಕಾಲ ಯಾವತ್ತೂ ಬಂದಿರಲಿಲ್ಲ. ಆ ಹೊಸ್ತಿಲ ಮುಂದೆ ನಿಲ್ಲುವುದನ್ನು ನನಗೆ ಮಾತು ಬರುವ ಮೊದಲೇ ಕಲಿಸಿದ್ದರು.

ಸಾಹುಕಾರರ ಮನೆಯ ಕರೆಂಟಿನ ಕೆಲಸವನ್ನೆಲ್ಲ ಮಾಡುತ್ತಿದ್ದ ವೈರ್‌ಮನ್ ಒಬ್ಬರಿದ್ದರು, ಅವರದೇ ಮಂದಿ. ಅವರು ಕೇಬಲ್ಲಿನ ತುದಿ ಇಸಿದುಕೊಂಡು ಒಳಗೆ ಹೋದರು. ಹುಬ್ಬಳ್ಳಿಯಿಂದ ಬಂದ ಕ್ಯಾಮೆರಾದವ ಆಗಲೇ ಒಳಗಿದ್ದ. ಅವನು ಯಾವ ಮಂದಿಯವನೆಂದು ಯಾರೂ ಕೇಳಲಿಲ್ಲ. ಬೆಲ್ ಬಾಟಂ ಪ್ಯಾಂಟು, ಕಪ್ಪು ಕನ್ನಡಕ ಇದ್ದರೆ ಸಾಕಾಗಿತ್ತು ಎಂದು ಕಾಣುತ್ತದೆ.

ಸಂಜೆ ಪರೀಕ್ಷೆ ಮಾಡಿದೆ. ಒಳಗಿನ ಚಿತ್ರದಲ್ಲಿ ಒಂದು ಕಪ್ಪು ಪಟ್ಟೆ ಮೆಲ್ಲಗೆ ಮೇಲಕ್ಕೆ ಹತ್ತುತ್ತಿತ್ತು. ಎಲ್ಲಿಂದ ಬಂತಪ್ಪಾ ಇದು ಎಂದು ನೋಡುತ್ತಿರುವಾಗಲೇ ಪಟ್ಟೆ ಪೂರಾ ಪರದೆಯನ್ನು ನುಂಗಿತು. ಡಬ್ಬಿಯಿಂದ ಸುಟ್ಟ ವಾಸನೆ. ಒಳಗಿನ ಕ್ಯಾಮೆರಾದ ಸಾಲಿನ ಮೊದಲ ಐಸಿಯ ಮೇಲೆ ಬೆರಳಿಟ್ಟೆ, ಚುರ್ರೆಂದಿತು. ತೆಗೆದು ಉಳಿದ ಎರಡರಲ್ಲಿ ಒಂದನ್ನು ಹಾಕಿದೆ. ಚಿತ್ರ ಬಂತು, ಪಟ್ಟೆಯೂ ಬಂತು, ಆದರೆ ಐಸಿ ಉಳಿಯಿತು. ಐಸಿಯೇ ಖೊಟ್ಟಿ ಇದ್ದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನನ್ನ ತಪ್ಪು. ಕಾರಣ ಸಿಗದೆ ಕೈ ಬಿಡಬಾರದಿತ್ತು.

ಮರುದಿನ ಬೆಳಗ್ಗೆ ಎಂಟಕ್ಕೆ ಎರಡನೆಯ ಐಸಿ ಸುಟ್ಟಿತು. ಈ ಸಲ ನನ್ನ ಕಿವಿ ಎಚ್ಚರವಿತ್ತು. ಹಿತ್ತಲಲ್ಲಿ ನೀರೆತ್ತುವ ಮೋಟರು ಗುಂಯ್ ಎಂದು ಶುರುವಾದ ಕ್ಷಣಕ್ಕೇ ವಾಸನೆ ಬಂದಿತ್ತು. ಹಿಂದಿನ ಸಂಜೆಯೂ ಮೋಟರು ಶುರುವಾಗಿತ್ತು ಎಂಬುದು ಆಗ ನೆನಪಾಯಿತು.

ತಲೆಬಾಗಿಲಿಗೆ ಓಡಿ ಕ್ಯಾಮೆರಾದವನನ್ನು ಕೂಗಿದೆ. "ಒಳಗ ಕೇಬಲ್ ಹೆಂಗ ಹಾಕ್ಯಾರ?"

"ನಿನ್ನ ವೈರ್ ಸಾಲಲಿಲ್ಲ ಭಾಯ್," ಎಂದ ಅವನು. "ಮಂಟಪ ಪಡಸಾಲ್ಯಾಗ ಅಂದಿದ್ರು, ಆಮ್ಯಾಲೆ ನಡುಮನಿಗೆ ಒಯ್ದ್ರು. ಅದಕ್ಕ ವೈರ್‌ಮನ್ ಲೈಟಿನ ವೈರ್ ಜೋಡ್ಸ್ಯಾನ."

"ಹೊರಗಿನ ಜಾಳಿಗಿ? ಅದನ್ನೇನ್ ಮಾಡ್ಯಾನ?"

"ಅದನ್ನ ಮನಿ ಅರ್ಥ್ ವೈರಿಗೆ ಸುತ್ತ್ಯಾನ. ಹಗೂರ ಮುಟ್ಟಿದ್ದಕ್ಕ ನನಗ ಜುಮ್ ಅಂತು."

ವಿಡಿಯೊ ಕೇಬಲ್ಲಿನಲ್ಲಿ ನಡುವೆ ಒಂದು ತಂತಿ, ಅದರ ಸುತ್ತ ತಾಮ್ರದ ಜಾಳಿಗೆ ಇರುತ್ತದೆ. ಚಿತ್ರ ನಡುತಂತಿಯಲ್ಲಿ ಹೋಗಿ ಜಾಳಿಗೆಯಲ್ಲಿ ಹಿಂದಿರುಗಬೇಕು. ಎರಡೂ ಕ್ಯಾಮೆರಾಕ್ಕೇ ಸೇರಬೇಕು. ವೈರ್‌ಮನ್‌ಗಳ ಶಾಸ್ತ್ರದಲ್ಲಿ ಬರಿಯ ತಾಮ್ರದ ಜಾಳಿಗೆ ಕಂಡರೆ ಅದು ಅರ್ಥ್. ಅದನ್ನು ಅರ್ಥಿಗೆ ಕಟ್ಟಬೇಕು, ಇಲ್ಲದಿದ್ದರೆ ಯಾರಿಗಾದರೂ ಶಾಕ್ ಹೊಡೆಯುತ್ತದೆ. ಇನ್ನು ಆ ಮನೆಯ ಅರ್ಥ್ ಎಂಥದ್ದು? ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಮೊಣಕಾಲು ಹೋಗುವಷ್ಟು ಬಿರಿಯುತ್ತದೆ. ಹೂಳಿದ ಪೈಪಿನ ಸುತ್ತ ಮಣ್ಣು ಬಿಟ್ಟುಕೊಂಡು, ಅರ್ಥ್ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ. ಹಳೆಯ ಮೋಟರಿನಿಂದ ಸೋರಿದ ಕರೆಂಟು ಭೂಮಿಗೆ ಇಳಿಯಲು ದಾರಿ ಕಾಣದೆ ನನ್ನ ಕೇಬಲ್ಲಿನಲ್ಲಿ ಬಂದು ಡಬ್ಬಿಗೆ ನುಗ್ಗುತ್ತಿತ್ತು. ಆ ಐಸಿ ಹನ್ನೆರಡು ವೋಲ್ಟಿನ ಒಳಗೆ ಬದುಕುವ ಜೀವ. ಅದನ್ನು ಮೀರಿ ಏನು ಬಂದರೂ ಒಳಗೊಳಗೇ ಶಾರ್ಟ್ ಆಗಿ ಸುಡುತ್ತದೆ.

ವೈರ್‌ಮನ್‌ರನ್ನು ಹೊರಗೆ ಕರೆಸಿ ಹೇಳಿದೆ. "ಕಾಕಾ, ಆ ಜಾಳಿಗಿ ಅರ್ಥಿಂದ ಬಿಚ್ಚ್ರಿ. ಲೈಟಿನ ವೈರಿನಾಗ ಇನ್ನೊಂದ್ ಎಳಿ ಐತಲ್ರಿ, ಅದಕ್ಕ ಕಟ್ಟಿ ಕ್ಯಾಮೆರಾಕ್ಕ ಕೊಡ್ರಿ. ಕ್ಯಾಮೆರಾದ ಪ್ಲಗ್ ಮನಿ ಕರೆಂಟಿಂದ ತಗದು ಜನರೇಟರ್ ಲೈನಿಗೆ ಹಾಕ್ರಿ."

"ಮೂವತ್ತು ವರ್ಷ ಲೈನ್ ಎಳದೀನಿ, ನೀ ನನಗ ಕಲಸ್ತಿ?" ಎಂದರು ಅವರು. "ಮದುವಿ ಮನ್ಯಾಗ ಅರ್ಥ್ ಬಿಚ್ಚು ಅಂತಿಯಲ್ಲ, ಕೂಸು ಕುನ್ನಿ ಓಡ್ಯಾಡತಾವ, ಒಂದ್ ಹೋಗಿ ಒಂದಾದ್ರ ಯಾರಲೇ ಜವಾಬ್ದಾರಿ?"

ಅವರ ಹೆದರಿಕೆಯಲ್ಲಿ ಸುಳ್ಳಿರಲಿಲ್ಲ. ತಿಳಿಯದ್ದನ್ನು ಬಿಚ್ಚಲು ಒಪ್ಪದ ವೈರ್‌ಮನ್ ಒಳ್ಳೆಯ ವೈರ್‌ಮನ್. ಕ್ಯಾಮೆರಾದವನಿಗೆ ಕೇಳಿದರೆ, "ನಾ ಮುಟ್ಟಂಗಿಲ್ಲ ಭಾಯ್, ನನಗ ಮಕ್ಕಳದಾವ," ಎಂದು ಕೈ ಜೋಡಿಸಿದ. ಹೊಸ ಕೇಬಲ್ ತರಬೇಕೆಂದರೆ ಹುಬ್ಬಳ್ಳಿಗೆ ಹೋಗಿಬರಬೇಕು. ಮುಹೂರ್ತ ಹನ್ನೊಂದೂವರೆಗೆ.

ಉಳಿದಿದ್ದ ಕಡೆಯ ಐಸಿ ಹಾಕಿದೆ, ಅದೂ ಸುಟ್ಟಿತು. ಹಾಡಿನ ವಿಸಿಆರಿನ ಸಾಲನ್ನು ಬಲಿ ಕೊಟ್ಟು ಅದರದನ್ನು ಕಿತ್ತು ಒಳಗಿನ ಕ್ಯಾಮೆರಾದ ಸಾಲಿಗೆ ಹಾಕಿದೆ. ವೋಲ್ಟೇಜ್ ಮೀರದಂತೆ ತಡೆಯಲು ಮುಂದೆ ಎರಡು ಡಯೋಡ್ ಕೂರಿಸಿದೆ. ಐಸಿ ಉಳಿಯಿತು, ಚಿತ್ರ ಉಳಿಯಲಿಲ್ಲ. ಪರದೆಯ ತುಂಬ ದಪ್ಪ ಕಪ್ಪು ಪಟ್ಟೆ, ಅದರ ಹಿಂದೆ ಮಂಟಪ ಬಳುಕಿ ಒಡೆದು ಉರುಳುತ್ತಿತ್ತು. ಹಂದರದಲ್ಲಿ ಕುಳಿತವರು ನಗಲು ಶುರುಮಾಡಿದರು. "ಏ, ಟೀವ್ಯಾಗ ಮಳಿ ಹತ್ತೇತಲೇ," ಎಂದು ಯಾರೋ ಕೂಗಿದರು.

ಬೀಗರನ್ನು ಎದುರುಗೊಳ್ಳಲು ರುಮಾಲು ಸುತ್ತಿ ನಿಂತಿದ್ದ ಸಾಹುಕಾರರನ್ನು ಬದಿಗೆ ಕರೆದೆ. "ಒಂದೈದು ಮಿನಿಟು ಒಳಗ ಹೋಗಬೇಕಾಗೇತ್ರಿ. ಜೋಡಿಸಿದ್ದು ತಪ್ಪೇತ್ರಿ. ನಾನ ಮಾಡಬೇಕ್ರಿ."

ಅವರು ಸಿಟ್ಟಾಗಲಿಲ್ಲ. ನನ್ನ ಹೆಗಲ ಹತ್ತಿರದವರೆಗೆ ಕೈ ತಂದು, ಮುಟ್ಟದೆ ಇಳಿಸಿದರು. "ನನಗೇನ್ ಇಲ್ಲೋ ತಮ್ಮಾ. ಖರೇ ಹೇಳ್ತೀನಿ, ನನಗೇನ್ ಇಲ್ಲ. ಆದ್ರ ಇವತ್ತ ಬ್ಯಾಡ. ಒಳಗ ಹೆಣ್ಮಕ್ಕಳದಾರ, ಬೀಗರು ಬರೂ ಹೊತ್ತು. ಹೊರಗಿಂದ ಹೆಂಗರ ಮಾಡು. ನೀ ಶ್ಯಾಣ್ಯಾ ಅದಿ." ಎರಡು ಹೆಜ್ಜೆ ಹೋಗಿ ತಿರುಗಿದರು. "ಮುಹೂರ್ತಕ್ಕ ಟೀವಿ ಬರಬೇಕ್ ನೋಡ. ಸೋಮವಾರ ಕಮಿಟಿ ಐತಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾವು ಮಾತ್ರ ನನ್ನ ಕಾಲ ಕೆಳಗಿತ್ತು. ಒಳಗೆ ಹೋದರೆ ನೌಕರಿ ಹೋಗುತ್ತದೆ. ಹೋಗದಿದ್ದರೆ ಟೀವಿ ಬರುವುದಿಲ್ಲ, ಆಗಲೂ ನೌಕರಿ ಹೋಗುತ್ತದೆ. ಹೋದರೆ ಒಂದು ಒಳ್ಳೆಯ ಚಿತ್ರವಾದರೂ ಬರುತ್ತದೆ. ಧೈರ್ಯವೆಂದು ಯಾರಾದರೂ ತಿಳಿದರೆ ಅದು ತಪ್ಪು. ನಾನು ಕಟ್ಟಿದ ಡಬ್ಬಿ ಸರಿಯಿತ್ತು. ಸರಿಯಿದ್ದದ್ದನ್ನು ಕಂಡು ಮಂದಿ ನಗುವುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಗೇಟಿನಲ್ಲಿ ಬ್ಯಾಂಡು ಶುರುವಾಯಿತು. ಒಳಗಿದ್ದವರೆಲ್ಲ ಆರತಿ ಹಿಡಿದು ಮುಂದಿನ ಬಾಗಿಲಿಗೆ ಬಂದರು. ನಾನು ಒಳಗಿನ ಕ್ಯಾಮೆರಾವನ್ನು ನಾಲ್ಕೂ ಕಡೆಗೆ ತಿರುಗಿಸಿಟ್ಟೆ, ಸರಿಯಾದರೆ ಬಂದು ನೋಡಿದ ಕೂಡಲೇ ಗೊತ್ತಾಗಲಿ ಎಂದು. ಇಕ್ಕಳ, ಟೇಪು, ಜನರೇಟರಿನ ಲೈನಿನ ಉದ್ದ ತಂತಿ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ.

ಆ ಮನೆ ಹೇಗಿತ್ತು ಎಂದು ನನ್ನನ್ನು ಕೇಳಬೇಡಿ, ನಾನು ನೋಡಲಿಲ್ಲ. ನೆಲದ ಮೇಲಿನ ತಂತಿಯೊಂದನ್ನೇ ನೋಡುತ್ತ ನಡೆದೆ. ಕ್ಯಾಮೆರಾದವ ನನ್ನನ್ನು ಕಂಡು ಬಾಯಿ ತೆರೆದ. ಮೊದಲು ಪ್ಲಗ್ ಕಿತ್ತು ಜನರೇಟರಿನ ತಂತಿಗೆ ಚುಚ್ಚಿದೆ. ಕ್ಯಾಮೆರಾದ ತುದಿಗೆ ಎರಡನೆಯ ಎಳೆ ಜೋಡಿಸಿದೆ. ಇನ್ನೊಂದು ಜೋಡಣೆ ಇದ್ದದ್ದು ಮಂಟಪದ ಕಾಲಿನ ಬುಡದಲ್ಲಿ. ಅಲ್ಲಿ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು ಜಾಳಿಗೆಯನ್ನು ಅರ್ಥಿನಿಂದ ಬಿಚ್ಚಿದೆ, ಆ ಎಳೆಗೆ ತಿರುವಿದೆ, ಟೇಪು ಸುತ್ತಿದೆ. ಎರಡು ಮಿನಿಟು ಆಗಿರಬಹುದು.

ಕಂಪೌಂಡಿನ ಆಚೆಯಿಂದ, ಬೇವಿನ ಗಿಡದ ಕಡೆಯಿಂದ, ಹೋ ಎಂದು ಕೂಗು ಬಂತು. ಅದರ ಮೇಲೆ ಒಂದು ಹೆಣ್ಣು ದನಿ.

"ಏ ನನ್ನ ಮಗ ಬೇ! ನೋಡ್ರೇ, ನನ್ನ ಮಗ! ಮಂಟಪದಾಗ ಅದಾನ ನೋಡ್ರೇ!"

ಅವ್ವನ ದನಿ. ಕಡೆಯ ಪಂಕ್ತಿಗೆ ಕರೆಯುವವರೆಗೆ ಕೇರಿಯವರೊಂದಿಗೆ ಅವಳೂ ಆ ಟೀವಿಯ ಮುಂದೆ ಕುಳಿತಿದ್ದಳು. ನಾನು ತಲೆ ಎತ್ತಿದೆ. ಕ್ಯಾಮೆರಾದ ಕೆಂಪು ದೀಪ ನೇರ ನನ್ನ ಮುಖಕ್ಕಿತ್ತು. ಎಂಥಾ ಚಿತ್ರ ಹೋಗಿರಬೇಕು ಎಂದು ಆಗಲೇ ಗೊತ್ತಾಯಿತು: ಪಟ್ಟೆ ಇಲ್ಲ, ಸೋರಿಕೆ ಇಲ್ಲ, ಅಪ್ಪಟ ಚಿತ್ರ. ಹಂದರದಲ್ಲಿ, ಮಹಡಿಯಲ್ಲಿ, ಗಿಡದ ಕೆಳಗೆ, ಎಲ್ಲ ಕಡೆ ಮಂಟಪದ ಕಾಲು ಹಿಡಿದು ಕುಳಿತ ನಾನು.

ಮಹಡಿಯಲ್ಲಿ ಯಾರೋ "ಯಾರ್ರೀ ಈ ಹುಡುಗ?" ಎಂದು ಕೇಳಿದರಂತೆ, ಊರವರೊಬ್ಬರು ಉತ್ತರ ಹೇಳಿದರಂತೆ. ಸಾಹುಕಾರರ ತಾಯಿ ಆರತಿ ತಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಒಳಗೆ ಬಂದರು. "ಯಾರ ಒಳಗ ಬಿಟ್ಟಾವ್ರು ಇವನ್ನ?" ಎಂದರು. ನನ್ನನ್ನು ಕೇಳಲಿಲ್ಲ, ಸುತ್ತ ಇದ್ದವರನ್ನು ಕೇಳಿದರು. ನಾನು ಇಕ್ಕಳ ಹಿಡಿದು ಹಿತ್ತಲಿಗೆ ನಡೆದೆ.

ಹಂದರಕ್ಕೆ ಬಂದು ಡಬ್ಬಿಯ ಮುಂದೆ ಕುಳಿತೆ. ಹೋಗು ಎಂದು ಯಾರೂ ಅನ್ನಲಿಲ್ಲ. ಆ ಗುಂಡಿಗಳನ್ನು ತಿರುಗಿಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಎದುರಿನ ಪರದೆಯಲ್ಲಿ ಒಳಗಿನ ಚಿತ್ರ ಕಾಣುತ್ತಿತ್ತು. ಇಬ್ಬರು ಹೆಣ್ಣುಮಕ್ಕಳು ಗೋಮೂತ್ರ ಚಿಮುಕಿಸುತ್ತಿದ್ದರು. ಒಬ್ಬಾಕೆ ಸೆಗಣಿ ತಂದು ಮಂಟಪದ ಕಾಲಿನ ಬುಡ, ನಾನು ಕುಳಿತಷ್ಟೂ ಜಾಗ, ಸಾರಿಸತೊಡಗಿದಳು. ಕ್ಯಾಮೆರಾದವ ದಿಕ್ಕು ತೋಚದೆ ಕ್ಯಾಮೆರಾವನ್ನು ಹಾಗೇ ಬಿಟ್ಟಿದ್ದ. ನನಗೆ ಮೊದಲು ಬಂದ ಚಿಂತೆ ಯಾವುದು ಗೊತ್ತೆ? ಜೋಡಣೆಗೆ ನೀರು ಬಿದ್ದೀತು ಎಂಬುದು. ಮೈಯೆಲ್ಲ ಉರಿದದ್ದು ಆಮೇಲೆ.

ಕೈ ಗುಂಡಿಯ ಮೇಲಿತ್ತು. ಹಾಗೇ ಬಿಟ್ಟಿದ್ದರೆ ಬೀಗರು, ದೊಡ್ಡವರು, ಇಡೀ ಊರು ನೋಡುತ್ತಿತ್ತು. ಅವ್ವನೂ ನೋಡುತ್ತಿದ್ದಳು. ಮೂರೂ ಟೀವಿಗಳನ್ನು ಗೇಟಿನ ಕ್ಯಾಮೆರಾಕ್ಕೆ ತಿರುಗಿಸಿದೆ. ಟಕ್, ಟಕ್, ಟಕ್. ಒಂದು ಎಳೆಯೂ ಕದಲದೆ ಚಿತ್ರ ಬದಲಾಯಿತು. ಮಂದಿ ಬ್ಯಾಂಡು ನೋಡಿದರು. ನಾಲ್ಕನೆಯದನ್ನು, ಕ್ಯಾಸೆಟ್ಟಿಗೆ ಹೋಗುವುದನ್ನು, ಬದಲಿಸಲಿಲ್ಲ. ಅದು ಒಳಗಿನದನ್ನೇ ಬರೆದುಕೊಳ್ಳುತ್ತ ಹೋಯಿತು. ಯಾಕೆ ಬಿಟ್ಟೆ ಎಂದರೆ, ಸಿಟ್ಟಿಗೆ ಬಿಟ್ಟೆ. ಎಲ್ಲಿಯಾದರೂ ಒಂದು ಕಡೆ ಇರಲಿ ಅನ್ನಿಸಿತು.

ಮುಹೂರ್ತ ಸ್ವಲ್ಪ ತಡವಾಗಿ ಆಯಿತು. ಅಕ್ಕಿಕಾಳು ಬಿದ್ದದ್ದು, ತಾಳಿ ಕಟ್ಟಿದ್ದು, ಎಲ್ಲವನ್ನೂ ನಾನು ಮೂರು ಟೀವಿಗೂ ಬೇಕಾದ ಹಾಗೆ ಹಂಚಿದೆ. ಒಂದು ಐಸಿಯೂ ಬಿಸಿಯಾಗಲಿಲ್ಲ. ಬೀಗರು ಡಬ್ಬಿ ನೋಡಲು ಬಂದು, "ಇದು ಫಾರಿನ್ನಿಂದೇನ್ರಿ?" ಎಂದು ಸಾಹುಕಾರರನ್ನು ಕೇಳಿದರು. "ನಮ್ಮಲ್ಲೇ ಮಾಡಿದ್ದರಿ," ಎಂದರು ಸಾಹುಕಾರರು. ಮಾಡಿದವನ ಕಡೆಗೆ ಕೈ ತೋರಿಸಲಿಲ್ಲ.

ಊಟದ ಗದ್ದಲ ಕಳೆದ ಮೇಲೆ ಸಾಹುಕಾರರು ಒಬ್ಬರೇ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತರು. "ಟೀವಿ ಅಗದಿ ಚೊಲೊ ಬಂದ್ವು. ಬೀಗರು ಖುಷ್ ಆದ್ರು," ಎಂದರು. "ಕ್ಯಾಸೆಟ್ಟಿನ್ಯಾಗ ಎಲ್ಲಾ ಬಂದೈತಂತ, ಕ್ಯಾಮೆರಾದವ ಹೇಳಿದ. ನೀ ಒಳಗ ಬಂದಿದ್ದು, ಆಮ್ಯಾಲಿಂದು. ಅಷ್ಟು ತಗದಬಿಡು ತಮ್ಮಾ. ಮಗಳ ಮದುವಿ ಕ್ಯಾಸೆಟ್ಟು, ನಾಳಿ ಮೊಮ್ಮಕ್ಕಳು ನೋಡೂವಂಥಾದ್ದು."

"ಹೊಸಾ ಕ್ಯಾಸೆಟ್ಟಿಗೆ ಕಾಪಿ ಮಾಡಬೇಕಾಗತೈತ್ರಿ."

"ಮಾಡು. ಹಳೇದನ್ನೂ ಅಳಿಸೇ ತಾ. ಸೋಮವಾರದೊಳಗ." ಎದ್ದು ನಿಂತರು. "ಆದದ್ದು ಆತು. ನಾ ಮನಸಿನ್ಯಾಗ ಇಟ್ಟಕೊಂಡಿಲ್ಲ."

ಅವರು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲವಂತೆ! ಇಟ್ಟುಕೊಳ್ಳಬೇಕಾದವನು ನಾನೋ ಅವರೋ? ಆ ಮಾತು ಬಾಯಿಗೆ ಬಂತು, ನುಂಗಿದೆ. ಆ ನೌಕರಿ ಅಷ್ಟು ಹತ್ತಿರದಲ್ಲಿತ್ತು.

ಭಾನುವಾರ ಅಂಗಡಿ ರಜೆ. ಬಾಗಿಲು ಅರ್ಧ ಎಳೆದುಕೊಂಡು ಎರಡು ವಿಸಿಆರ್ ಎದುರುಬದುರು ಇಟ್ಟೆ. ಒಂದರಲ್ಲಿ ಹಳೆಯ ಕ್ಯಾಸೆಟ್ಟು ಓಡುತ್ತದೆ, ಇನ್ನೊಂದರಲ್ಲಿ ಹೊಸದು ಬರೆದುಕೊಳ್ಳುತ್ತದೆ. ತೆಗೆಯಬೇಕಾದ ಜಾಗ ಬಂದ ತಕ್ಷಣ ಹೊಸದನ್ನು ನಿಲ್ಲಿಸಬೇಕು, ಅದು ದಾಟಿದ ಮೇಲೆ ಮತ್ತೆ ಬಿಡಬೇಕು. ಹೇಳುವಷ್ಟು ಸುಲಭವಲ್ಲ. ನಿಲ್ಲಿಸಿದ ಚಿತ್ರ ಮತ್ತು ಬಿಟ್ಟ ಚಿತ್ರ ಎರಡರ ತಾಳ ಹೊಂದಬೇಕು. ಹೊಂದದಿದ್ದರೆ ಜೋಡಿಸಿದ ಜಾಗದಲ್ಲಿ ಪರದೆ ಉರುಳುತ್ತದೆ, ಇಲ್ಲಿ ಏನೋ ಕತ್ತರಿಸಿದ್ದಾರೆ ಎಂದು ಕುರುಡನಿಗೂ ಗೊತ್ತಾಗುತ್ತದೆ. ಮೊದಲ ಸಲ ಉರುಳಿತು. ಎರಡನೆಯ ಸಲ ಉರುಳಿತು. ಪ್ರತಿ ಸಲವೂ ಹಿಂದಕ್ಕೆ ಸುತ್ತಿ ಮತ್ತೆ ನೋಡಬೇಕು: ನಾನು ಬರುತ್ತೇನೆ, ಕೂರುತ್ತೇನೆ, ತಲೆ ಎತ್ತುತ್ತೇನೆ, ಏಳುತ್ತೇನೆ, ಆಮೇಲೆ ಸೆಗಣಿಯ ಕೈ ಗುಂಡಗೆ ಗುಂಡಗೆ ತಿರುಗುತ್ತದೆ. ನನ್ನ ಮುಖ ಅಷ್ಟು ಸ್ಪಷ್ಟವಾಗಿ ನಾನು ಅದಕ್ಕೂ ಮೊದಲು ಯಾವ ಫೋಟೊದಲ್ಲೂ ನೋಡಿರಲಿಲ್ಲ.

ಎಂಟನೆಯ ಸಲ ಕೂಡಿತು. ಬ್ಯಾಂಡಿನ ಗತ್ತು ಕೇಳುತ್ತ ಗುಂಡಿ ಬಿಟ್ಟೆ. ಖಾಲಿ ಮಂಟಪ, ಮರುಕ್ಷಣ ಮಂಟಪದಲ್ಲಿ ಮದುಮಗಳು. ಎಳೆಯಷ್ಟೂ ಅಲುಗಲಿಲ್ಲ. ನನ್ನ ಕೈಯಿಂದ ಅದಕ್ಕಿಂತ ನಾಜೂಕಾದ ಕೆಲಸ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಹಳೆಯದನ್ನು ಅಳಿಸುವ ಮೊದಲು ಆ ತುಣುಕನ್ನು ಬೇರೆ ಒಂದು ಕ್ಯಾಸೆಟ್ಟಿಗೆ ಇಳಿಸಿಟ್ಟುಕೊಳ್ಳಬಹುದಿತ್ತು. ಖಾಲಿ ಕ್ಯಾಸೆಟ್ಟು ಕಪಾಟಿನಲ್ಲಿತ್ತು. ಯಾರಿಗಾದರೂ ಸಿಕ್ಕರೆ, ಯಾರಾದರೂ ಹೇಳಿದರೆ, ನೌಕರಿ ಹೋದರೆ ಎಂದು ಹೆದರಿದೆ. ಡಬ್ಬಿಯಲ್ಲಿ ಏನೂ ಜೋಡಿಸದ ಸಾಲೊಂದನ್ನು ವಿಸಿಆರಿಗೆ ಕೊಟ್ಟು ರೆಕಾರ್ಡಿನ ಗುಂಡಿ ಒತ್ತಿದೆ. ಕ್ಯಾಸೆಟ್ಟು ಮುಗಿಯುವವರೆಗೆ ಬರೀ ಕಪ್ಪು ಬರೆದುಕೊಂಡಿತು.

ಸೋಮವಾರ ಬೆಳಗ್ಗೆ ಎರಡೂ ಕ್ಯಾಸೆಟ್ಟು ಸಾಹುಕಾರರ ಕೈಗೆ ಕೊಟ್ಟೆ. ಆ ವಾರದಲ್ಲೇ ಆರ್ಡರು ಬಂತು. ನನ್ನ ವಿದ್ಯೆಗೆ, ನನ್ನ ಡಬ್ಬಿಗೆ ಬಂದ ನೌಕರಿ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ನನ್ನ ಮನಸ್ಸು ಒಪ್ಪಿಲ್ಲ.

ಕಾಗದ ತೆಗೆದುಕೊಂಡು ಊರಿಗೆ ಹೋದೆ. ಅವ್ವ ಅದನ್ನು ಹಣೆಗೆ ಒತ್ತಿಕೊಂಡು ದೇವರ ಮುಂದಿಟ್ಟಳು. ರೊಟ್ಟಿ ಬಡಿಯುತ್ತ ಕೇಳಿದಳು.

"ಅವತ್ತ ಟೀವ್ಯಾಗ ನೀ ಬಂದಿದ್ದೆಲ್ಲ, ಅದು ಡಬ್ಬ್ಯಾಗ ಉಳದಿರತೈತೇನಲೇ?"

"ಯಾಕ ಬೇ?"

"ಇನ್ನೊಮ್ಮಿ ನೋಡಬೇಕನಸೈತಿ. ಅವತ್ತ ಕಣ್ಣಾಗ ನೀರ ಬಂದು ಸರಿ ಕಾಣಲಿಲ್ಲ." ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಅವರು ಸಾರಿಸಿದ್ದು ನನಗ ಗೊತ್ತೈತಿ, ಮಂದಿ ಹೇಳ್ಯಾರ. ಅದು ಬ್ಯಾಡ. ನೀ ಕುಂತಿದ್ದಷ್ಟ ತೋರ್ಸು, ಸಾಕು."

ನಾನು ಆರ್ಡರಿನ ಕಡೆ ನೋಡಿದೆ.

"ಅದು ಬಂದಿಲ್ಲ ಬೇ. ಅಷ್ಟೊತ್ತಿಗೆ ಮಷಿನ್ ಕೆಟ್ಟಿತ್ತು."

"ಹೌದಾ?" ಎಂದಳು. ರೊಟ್ಟಿ ತಿರುವಿ, ಉಬ್ಬುವವರೆಗೆ ಅಂಚು ಒತ್ತಿದಳು. "ಇರ್ಲಿ ಬಿಡು. ಮಷಿನ್ ಅಂದ ಮ್ಯಾಲೆ ಕೆಡತಾವ. ಇನ್ನಮ್ಯಾಲೆ ಮಾಡಿದ್ದು ಬರೋಬ್ಬರಿ ಮಾಡು."

"ಹೂಂ," ಅಂದೆ.